ಬೀಗರ ಊಟಕ್ಕೆ ಬಡಿಸುವ ಭಯ

ಮಂಡ್ಯದಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ. ನಾಲ್ಕು ಜನರ ಮುಂದೆ ಹೋಗೋಕೆ ಭಯ ಅಂತ ಬರುವವರು ಜಾಸ್ತಿ. ಅವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನೀವು ತಡವರಿಸಿದರೆ ಅವಮಾನ ಯಾರಿಗೆ? 'ನನಗೆ' ಅನ್ನುವವರು ಕಡಿಮೆ. 'ನಮ್ಮಪ್ಪಂಗೆ', 'ತವರು ಮನೆಯವರಿಗೆ' ಅನ್ನುವವರೇ ಹೆಚ್ಚು.

ಈ ಪ್ರಶ್ನೆ ನನಗೆ ಹೊಳೆದದ್ದು ಓದಿನಿಂದ. 1991ರಲ್ಲಿ ಮನಶ್ಶಾಸ್ತ್ರಜ್ಞರಾದ ಹೇಜಲ್ ಮಾರ್ಕಸ್ ಮತ್ತು ಶಿನೊಬು ಕಿಟಯಾಮ ಬರೆದ ಒಂದು ಲೇಖನವಿದೆ. ಕೆಲವು ಸಮಾಜಗಳಲ್ಲಿ 'ನಾನು' ಅಂದರೆ ನಾನೊಬ್ಬನೇ. ಇನ್ನು ಕೆಲವದರಲ್ಲಿ ಮನೆ, ನೆಂಟರು, ಊರು ಎಲ್ಲ ಸೇರಿ 'ನಾನು'. ಅವರು ಹೇಳಿದ್ದು ಇದನ್ನೇ. ಜಪಾನಿನಲ್ಲಿ ತೈಜಿನ್ ಕ್ಯೋಫುಶೋ ಅನ್ನುವ ತೊಂದರೆ ಗುರುತಿಸಿದ್ದಾರೆ. ತನ್ನ ನೋಟದಿಂದ, ಮೈವಾಸನೆಯಿಂದ, ಕೆಂಪಾದ ಮುಖದಿಂದ ಎದುರಿಗಿರುವವರಿಗೆ ಕಿರಿಕಿರಿ ಆಗುತ್ತೆ ಅನ್ನುವ ಭಯ ಅದು. 2013ರಲ್ಲಿ ಬಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಕೂಡ ಸಾಮಾಜಿಕ ಆತಂಕದ ಲಕ್ಷಣಗಳಲ್ಲಿ 'ಬೇರೆಯವರಿಗೆ ನೋವಾದೀತು' ಅನ್ನುವ ಭಯವನ್ನು ಸೇರಿಸಿಕೊಂಡಿದೆ.

ಗುರುತು ಸಿಗದ ಹಾಗೆ ಎರಡು ಮೂರು ಜನರ ಕಥೆ ಬೆರೆಸಿ ಹೇಳುತ್ತೇನೆ. ಹೊಸದಾಗಿ ಮದುವೆಯಾದ ಹುಡುಗಿ. ಬೀಗರ ಊಟದಲ್ಲಿ ಬಡಿಸೋಕೆ ಹೋದರೆ ಕೈ ನಡುಗುತ್ತೆ. ತಲೆನೋವು ಅಂತ ಹೇಳಿ ಅಡುಗೆಮನೆ ಬಿಟ್ಟು ಬರಲ್ಲ. ಸಾರು ಚೆಲ್ಲಿದರೆ 'ಅವ್ವ ಏನೂ ಕಲಿಸಿಲ್ಲ' ಅಂತಾರೆ ಅನ್ನೋದೇ ಅವಳ ಭಯ.

'ಜನ ಏನಂದ್ರೆ ನಿಮಗೇನು?' ಅಂತ ಅವಳಿಗೆ ಹೇಳಲಿಲ್ಲ. ನಮ್ಮ ಕಡೆ ಅದು ಸುಳ್ಳು ಧೈರ್ಯ. ಜನ ಅಂದೇ ಅಂತಾರೆ. ನಾಳೆ ಮನೆಯಲ್ಲಿ ಸಾವು ನೋವು ಆದರೆ ಬರಬೇಕಾದವರೂ ಅದೇ ಜನ ಅಲ್ವಾ?

ಬದಲಿಗೆ ಅವಳು ಮಾಡುತ್ತಿದ್ದ ಉಪಾಯಗಳನ್ನು ಬರೆಸಿದೆ. ಸೌಟು ಬಿಗಿಯಾಗಿ ಹಿಡಿಯೋದು, ತಲೆ ಎತ್ತದೆ ಬೇಗ ಬೇಗ ಸುರಿದು ಹೋಗೋದು. ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದ್ದು ಇದನ್ನೇ: ಇಂಥ ಉಪಾಯಗಳೇ ಭಯವನ್ನು ಉಳಿಸುತ್ತವೆ, ಗಮನವೆಲ್ಲ ತನ್ನ ಮೈಮೇಲೇ ಇರುತ್ತೆ. ಬಿಗಿಯಾಗಿ ಹಿಡಿದ ಕೈ ಇನ್ನೂ ಜಾಸ್ತಿ ನಡುಗುತ್ತೆ.

ಗಮನವನ್ನು ಹೊರಗೆ ತಿರುಗಿಸೋಕೆ ನಾನೇನೂ ಹೊಸದು ಹುಡುಕಬೇಕಾಗಲಿಲ್ಲ. ಬಡಿಸುವುದರಲ್ಲೇ ಅದು ಇತ್ತು. 'ಕೈ ನೋಡಬೇಡ, ಎಲೆ ನೋಡು. ಯಾರ ಎಲೆಯಲ್ಲಿ ಮುದ್ದೆ ಇದೆ, ಸಾರಿಲ್ಲ?' ಅಂದೆ. ಮೊದಲು ಮನೆಯಲ್ಲಿ ಮೂವರಿಗೆ, ಆಮೇಲೆ ಚಿಕ್ಕಮ್ಮನ ಮನೆಯಲ್ಲಿ ಒಂದು ಪಂಕ್ತಿಗೆ. ಬೇಕಂತಲೇ ತಪ್ಪು ಮಾಡಿ ನೋಡುವ ಅಭ್ಯಾಸವೂ ಇಂಥ ಭಯದ ಚಿಕಿತ್ಸೆಯಲ್ಲಿದೆ. ನೆಂಟರ ಪಂಚೆ ಮೇಲೆ ಸಾರು ಚೆಲ್ಲಿಸೋಕೆ ನನಗೆ ಮನಸ್ಸಿಲ್ಲ. ಎಲೆ ಪಕ್ಕ ಒಂದಿಷ್ಟು ನೀರು ಚೆಲ್ಲಿಸಿದೆವು. ಏನಾಗುತ್ತೆ ಅಂತ ಮೊದಲೇ ಬರೆದಿಡಬೇಕು. ಆಮೇಲೆ ನಿಜವಾಗಿ ಆಗಿದ್ದನ್ನು ಅದರ ಪಕ್ಕ ಬರೆಯಬೇಕು. ಯಾರೋ 'ಬಟ್ಟೆ ತತ್ತಾರವ್ವ' ಅಂದರಂತೆ, ಅಷ್ಟೇ.

ನಿಜವಾದ ಬದಲಾವಣೆ ಬಂದದ್ದು ಅತ್ತೆಯನ್ನು ಕರೆಸಿ ಮಾತಾಡಿಸಿದಾಗ. 'ಇವಳಿಗೆ ಗರ್ವ, ಅದಕ್ಕೇ ಹೊರಗೆ ಬರಲ್ಲ ಅಂದ್ಕೊಂಡಿದ್ದೆ' ಅಂದರು ಅವರು. ಮನೆಯ ಮರ್ಯಾದೆ ಉಳಿಸೋಕೆ ಇವಳು ಅಡಗಿಕೊಂಡಿದ್ದಳು. ಅಡಗಿದ್ದೇ ಅವರಿಗೆ ಅವಮರ್ಯಾದೆ ಅನ್ನಿಸಿತ್ತು. ಆ ದಿನದಿಂದ ಬಡಿಸುವಾಗ ಅತ್ತೆ ಅವಳ ಜೊತೆಗೇ ಪಲ್ಯದ ಬೇಸನ್ ಹಿಡಿದು ನಡೆದರು.

ಸಂಕೋಚವನ್ನೆಲ್ಲ ಕಾಯಿಲೆ ಅನ್ನೋದೂ ಸರಿಯಲ್ಲ. ಮಂಡ್ಯದಿಂದ ರೈಲು ಹತ್ತಿ ಮೈಸೂರಿನ ಕಂಪನಿಗಳಿಗೆ ಹೋಗುವ ಹುಡುಗರು ಮ್ಯಾನೇಜರನ್ನು ಹೆಸರು ಹಿಡಿದು ಕರೆಯೋಕೆ ಒದ್ದಾಡುತ್ತಾರೆ. ದೊಡ್ಡವರ ಮುಂದೆ ಸುಮ್ನಿರೋದನ್ನು ಮರ್ಯಾದೆ ಅಂತಲೇ ಕಲಿತವರು ಅವರು. ಗೆಳೆಯರ ಜೊತೆ ಮಾತು ಸಲೀಸಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಫೋನ್ ಎತ್ತೋಕೂ ಆಗದೆ, ಇಂಟರ್‌ವ್ಯೂ ತಪ್ಪಿಸುತ್ತಾ ಆರು ತಿಂಗಳು ದಾಟಿದ್ದರೆ ಅದು ಬೇರೆ ಮಾತು.

ಮನೆಯವರನ್ನು ಎಲ್ಲರ ವಿಷಯದಲ್ಲೂ ಕರೆಸಲ್ಲ. ಅಪ್ಪನೇ ಎಲ್ಲರ ಮುಂದೆ ಮಗನನ್ನು ಆಡಿಕೊಳ್ಳುವ ಮನೆಗಳಿವೆ. ಅಲ್ಲಿ ಹುಡುಗನೊಬ್ಬನ ಜೊತೆಯೇ ಕೆಲಸ. ನಿದ್ದೆ, ಊಟ ಕೆಟ್ಟು, ಬದುಕೇ ಬೇಡ ಅನ್ನುವ ಹಂತ ಕಂಡರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ರಾತ್ರಿ ಹೊತ್ತಿಗೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಡುತ್ತೇನೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.