ನಾಲಿಗೆಯ ನಕ್ಷೆ ಅಳಿಸಲು ಹೋಗಿ

ಹನ್ನೊಂದು ವರ್ಷ ನಾನು ಬೋರ್ಡಿನ ಮೇಲೆ ನಾಲಿಗೆಯ ಚಿತ್ರ ಬರೆದಿದ್ದೇನೆ. ತುದಿಯಲ್ಲಿ ಸಿಹಿ, ಅಂಚಿನಲ್ಲಿ ಉಪ್ಪು, ಅದರ ಹಿಂದೆ ಹುಳಿ, ಬುಡದಲ್ಲಿ ಕಹಿ. ನಾಲ್ಕು ಬಣ್ಣದ ಸೀಮೆಸುಣ್ಣ ಇದ್ದರೆ ಪಾಠ ಮುಗಿಯಿತು. ಒಂದು ಯುಗಾದಿ ದಿನ ಬೇವಿನ ಎಸಳು ನಾಲಿಗೆ ತುದಿಗೆ ತಗಲಿತು. ಅಲ್ಲೇ ಕಹಿ! ಪ್ರತಿವರ್ಷ ಬೇವು-ಬೆಲ್ಲ ತಿಂದೂ ಇದನ್ನು ಗಮನಿಸಿರಲಿಲ್ಲ, ನೋಡಿ.

ಆಮೇಲೆ ಹುಡುಕಿ ಓದಿದೆ. 1901ರಲ್ಲಿ ಜರ್ಮನಿಯ ಹೆನಿಗ್ ಎಂಬ ವಿಜ್ಞಾನಿ ನಾಲಿಗೆಯ ಬೇರೆ ಬೇರೆ ಜಾಗದಲ್ಲಿ ರುಚಿ ಅಳೆದಿದ್ದ. ಸಿಕ್ಕಿದ್ದು ಚೂರು ವ್ಯತ್ಯಾಸ. 1942ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ಅದನ್ನು ತಮ್ಮ ಪುಸ್ತಕದಲ್ಲಿ ಗ್ರಾಫ್ ಮಾಡಿ ಹಾಕಿದರು. ಗ್ರಾಫ್ ನೋಡಿದವರಿಗೆ ಆ ಚೂರೇ ದೊಡ್ಡದಾಗಿ ಕಂಡಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಎಂಬ ಸಂಶೋಧಕಿ ಮತ್ತೆ ಅಳೆದರು. ವ್ಯತ್ಯಾಸ ತೀರಾ ಸಣ್ಣದು, ರುಚಿಮೊಗ್ಗು, ಅಂದರೆ ರುಚಿ ಹಿಡಿಯುವ ಪುಟ್ಟ ಅಂಗ, ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ ಅಂತ ಗೊತ್ತಾಯಿತು. ನಾನು ಬೋರ್ಡಿನ ಮೇಲೆ ಬರೆಯಲು ಶುರುಮಾಡುವ ಎಷ್ಟೋ ಮೊದಲೇ!

ಸುಮ್ನೆ ಹೇಳಿದರೆ ಮಕ್ಕಳು ನಂಬುವುದಿಲ್ಲ. ಮಾಡಿಯೇ ತೋರಿಸೋಣ ಅಂತ ಸಕ್ಕರೆ ನೀರು, ಉಪ್ಪು ನೀರು, ಹುಣಸೆ ನೀರು, ಹಾಗಲಕಾಯಿ ರಸ ತಂದೆ. ಮೊದಲ ದಿನ ಕೆಟ್ಟಿತು. ಲೋಟದ ಮೇಲೆ ಹೆಸರು ಬರೆದಿದ್ದೆ, ಗೋಡೆಯಲ್ಲಿ ನಕ್ಷೆಯ ಚಾರ್ಟೂ ನೇತಾಡುತ್ತಿತ್ತು. ಅಂಚಿಗೆ ಸಕ್ಕರೆ ನೀರು ಮುಟ್ಟಿಸಿದರೆ, "ಇಲ್ಲ ಮಿಸ್, ಏನೂ ಗೊತ್ತಾಗ್ತಿಲ್ಲ!" ಅಂದರು. ನಾಲಿಗೆಗಿಂತ ಚಾರ್ಟನ್ನೇ ಜಾಸ್ತಿ ನಂಬಿದ್ದರು. ಈ ನಕ್ಷೆ ಇಷ್ಟು ವರ್ಷ ಉಳಿದದ್ದು ಹೀಗೇ ಅಂತ ನನಗೆ ಆವತ್ತು ಅನ್ನಿಸಿತು. ಉತ್ತರ ಮೊದಲೇ ಗೊತ್ತಿದ್ದರೆ ಪ್ರಯೋಗವೂ ಅದನ್ನೇ ಹೇಳುತ್ತದೆ, ಅಲ್ವಾ?

ಮರುವಾರ ಚಾರ್ಟ್ ಇಳಿಸಿದೆ. ಲೋಟಗಳಿಗೆ ಬರೀ ನಂಬರ್. ಯಾವುದರಲ್ಲಿ ಏನಿದೆ ಅಂತ ನನಗೂ ತಿಳಿಯದ ಹಾಗೆ ಗಣಿತದ ಮೇಷ್ಟ್ರು ತುಂಬಿಸಿಕೊಟ್ಟರು. ಕಣ್ಣಿಗೆ ಬಟ್ಟೆ, ಒಬ್ಬೊಬ್ಬರಿಗೂ ಹೊಸ ಹತ್ತಿ ಕಡ್ಡಿ, ನಡುನಡುವೆ ಬಾಯಿ ಮುಕ್ಕಳಿಸುವುದು. ಈಗ ತುದಿಯಲ್ಲೂ ಹಾಗಲಕಾಯಿ ಸಿಕ್ಕಿಬಿತ್ತು, ಅಂಚಲ್ಲೂ ಸಕ್ಕರೆ. ನಾಲಿಗೆಯ ನಟ್ಟನಡುವೆ ಮಾತ್ರ ಎಲ್ಲರೂ ತಡವರಿಸಿದರು. ಅಲ್ಲಿ ರುಚಿಮೊಗ್ಗುಗಳೇ ಕಡಿಮೆ. ಮುಂದಿನ ಬೆಂಚಿನ ಹುಡುಗಿ ತುದಿಗೆ ಕಹಿ ತಗಲಿ ಮುಖ ಕಿವುಚಿದ್ದು ಇನ್ನೂ ಕಣ್ಣ ಮುಂದಿದೆ.

ಪರೀಕ್ಷೆ ಬಂತು. ಹೊರಗಿನಿಂದ ಬಂದ ಪ್ರಶ್ನೆಪತ್ರಿಕೆ. ನಾಲಿಗೆಯ ಚಿತ್ರ ಬರೆದು ರುಚಿಯ ಭಾಗಗಳನ್ನು ಗುರುತಿಸಿ, ಎರಡು ಅಂಕ. ಅದೇ ಹುಡುಗಿ ನೀಟಾಗಿ ನಾಲ್ಕು ಭಾಗ ಮಾಡಿ ಬರೆದಿದ್ದಳು. ಕರೆದು ಕೇಳಿದೆ.

"ಗೊತ್ತು ಮಿಸ್. ಆದ್ರೆ ಗೈಡಲ್ಲಿ ಹೀಗೇ ಇದೆ. ಎರಡು ಮಾರ್ಕ್ಸ್ ಹೋದ್ರೆ?"

ಅವಳಿಗೆ ಎರಡು ಕೊಟ್ಟೆ. "ಅಂಥ ಭಾಗಗಳಿಲ್ಲ" ಅಂತ ಒಂದೇ ಸಾಲು ಬರೆದ ಹುಡುಗನಿಗೂ ಎರಡು ಕೊಟ್ಟೆ.