ಹೊಸ ಜೆಸಿಬಿನಾ, ಸೆಕೆಂಡ್ ಹ್ಯಾಂಡಾ? ನಾನು ಲೆಕ್ಕ ಹಾಕಿದ್ದು ಹಿಂಗೆ

ನಮ್ಕಡೆ, ಅರಸೀಕೆರೆ ಸುತ್ತ, ಮಣ್ಣು ಅಗೆಯೋ ಗಾಡಿ ಯಾವ ಕಂಪನಿದಾದ್ರೂ ಅದು ಜೆಸಿಬಿನೇ, ನಾನೂ ಹಂಗೇ ಬರೀತೀನಿ. 2023ರಲ್ಲಿ ಸ್ವಂತ ಗಾಡಿ ಮಾಡೋಣ ಅಂತ ಹೊರಟಾಗ ಮೊದ್ಲು ಹೋಗಿದ್ದು ಶೋರೂಮ್‌ಗೆ. 26 ಲಕ್ಷ ಲೋನ್, ನಾಲ್ಕು ವರ್ಷ, ಕಂತು ಹತ್ತತ್ರ 66 ಸಾವಿರ. ಎಸಿ ಒಳಗೆ ಕೂತು ಕಾಫಿ ಕುಡಿಯುವಾಗ ಇದೇನ್ ಮಹಾ ಅನ್ಸಿತ್ತು, ಮನೆಗೆ ಬಂದು ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದಾಗ್ಲೇ ಬಿಸಿ ಮುಟ್ಟಿದ್ದು. ಗಂಟೆಗೆ 1,100 ಬಾಡಿಗೆ, ಐದು ಲೀಟರ್ ಡೀಸೆಲ್, ಆಪರೇಟರ್ ಸಂಬಳ, ಅವನ ದಿನದ ಬಾಟಾ (ಭತ್ಯೆ), ಗ್ರೀಸು, ಆಯಿಲ್ಲು ಎಲ್ಲಾ ಕಳೆದು 500 ಉಳಿದ್ರೆ ಹೆಚ್ಚು, ಅಂದ್ರೆ ಬರೀ ಕಂತಿಗೇ ತಿಂಗಳಿಗೆ 130 ಗಂಟೆ ಓಡ್ಬೇಕು. ಬೇಸಿಗೆಲಿ ಕೃಷಿ ಹೊಂಡ, ತೋಟದ ಬದು, ಮನೆ ಪಾಯ ಅಂತ 150 ಆಗುತ್ತೆ ಬಿಡಿ, ಆದ್ರೆ ಹೊಲದಲ್ಲಿ ಪೈರು ನಿಂತ್ಮೇಲೆ ಗಾಡಿನ ಒಳಗೆ ಯಾರು ಬಿಡ್ತಾರೆ? 40 ಗಂಟೆ ಆದ್ರೆ ಪುಣ್ಯ. ಕಂತು ಮಳೆ ನೋಡಲ್ಲ.

ಸರಿ, ಸೆಕೆಂಡ್ ಹ್ಯಾಂಡ್ ಹುಡುಕ್ದೆ. 2021ರ ಏಪ್ರಿಲ್‌ನಿಂದ ಹೊಗೆ ಕಮ್ಮಿ ಮಾಡೋ ಹೊಸ ನಿಯಮದ ಸ್ಟೇಜ್ 4 ಇಂಜಿನ್ ಬಂತಲ್ಲ, ಅದ್ರಲ್ಲಿ ಸೆನ್ಸರ್ ಜಾಸ್ತಿ, ನಮ್ಮೂರ್ ಮೇಸ್ತ್ರಿ ಕೈಗೆ ಹತ್ತಲ್ಲ, ಅದಕ್ಕೇ ಬೇಕಂತ್ಲೇ ಹಿಂದಿನ ಮಾಡೆಲ್ ನೋಡ್ದೆ. ಮೊದಲ್ನೇ ಗಾಡಿ 2017ರದ್ದು, ಮೀಟರ್‌ನಲ್ಲಿ 4,100 ಅವರ್. ಆರು ವರ್ಷಕ್ಕೆ ಅಷ್ಟೇ ಅಂದ್ರೆ ದಿನಕ್ಕೆ ಎರಡು ಗಂಟೆನೂ ಇಲ್ಲ, ಆದ್ರೆ ಬ್ರೇಕ್ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣ್ತಿತ್ತು, ಮೀಟರ್ ಮೇಲೇ ಅನುಮಾನ ಬಂತು. ಬಾನೆಟ್ ಮುಟ್ಟಿದ್ರೆ ಬಿಸಿ, ತಣ್ಣಗಿದ್ದಾಗ ಸ್ಟಾರ್ಟ್ ಆಗೋ ಕಷ್ಟ ಗೊತ್ತಾಗದಂಗೆ ನಾವು ಬರೋಕ್ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ರು. ನನ್ ಜೊತೆ ಬಂದಿದ್ದ ಆಪರೇಟರ್ ಕಿವಿ ಹತ್ರ ಬಂದು "ಅಣ್ಣ, ನಡೀರಿ ಹೋಗಣ" ಅಂದ, ಅಷ್ಟೇ.

ಎರಡ್ನೇದಕ್ಕೆ ಹೇಳ್ದೇ ಕೇಳ್ದೇ ಬೆಳಿಗ್ಗೆ ಆರಕ್ಕೇ ಹೋದ್ವಿ. ತಣ್ಣಗಿದ್ದ ಇಂಜಿನ್ ಒಂದೇ ಸೆಲ್ಫ್‌ಗೆ ಹತ್ತಿತು, ಆಯಿಲ್ ಕ್ಯಾಪ್ ಬಿಚ್ಚಿದ್ರೆ ಹೊಗೆ ಇಲ್ಲ, ಬೂಮ್ (ಹಿಂದಿನ ಅಗೆಯೋ ತೋಳು) ಮೇಲೆ ವೆಲ್ಡಿಂಗ್ ಗುರುತಿಲ್ಲ, ಬಕೆಟ್ ಎತ್ತಿ ಹತ್ತು ನಿಮಿಷ ಬಿಟ್ರೂ ಕೆಳಗೆ ಜಾರ್ಲಿಲ್ಲ. 13.5 ಲಕ್ಷಕ್ಕೆ ಮಾತಾಯ್ತು. ಕೈಯಿಂದ 6 ಹಾಕ್ದೆ, ಉಳಿದಿದ್ದಕ್ಕೆ ಲೋನ್, ಬಡ್ಡಿ ಹೊಸದಕ್ಕಿಂತ ಜಾಸ್ತಿನೇ, ಆದ್ರೂ ಕಂತು 25 ಸಾವಿರ ಚಿಲ್ರೆ. ಆರ್‌ಸಿಲಿ ಹಳೇ ಫೈನಾನ್ಸ್‌ನವರ ಎಚ್‌ಪಿ, ಅಂದ್ರೆ ಗಾಡಿ ಮೇಲೆ ಸಾಲ ಇದೆ ಅನ್ನೋ ನಮೂದು, ಹಂಗೇ ಇತ್ತು, ಸಾಲ ತೀರಿದೆ ಅನ್ನೋ ಅವರ ಎನ್‌ಒಸಿ ಕೈಗೆ ಬರೋವರ್ಗೂ ಎರಡು ಲಕ್ಷ ತಡೆ ಹಿಡಿದೆ, ಅದೊಂದು ಬುದ್ಧಿವಂತಿಕೆ ಮಾಡ್ದೆ.

ಎಡವಿದ್ದೆಲ್ಲಿ ಅಂದ್ರೆ, ಬಕೆಟ್ ಕಡೆ ಕೀಲಿನ ಪಿನ್ನು ಬುಷ್ಷು ಮಾತ್ರ ಅಲ್ಲಾಡಿಸಿ ನೋಡಿದ್ದೆ. ಹಿಂದಿನ ಬೂಮನ್ನ ಪೂರ್ತಿ ಚಾಚಿ, ನೆಲದಿಂದ ಸ್ವಲ್ಪ ಎತ್ತಿ, ತುದಿಲಿ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿದ್ರೆ ಬುಡದಲ್ಲಿ ಕಿಂಗ್‌ಪೋಸ್ಟ್ (ಬೂಮ್ ಎಡಕ್ಕೆ ಬಲಕ್ಕೆ ತಿರುಗೋ ಕೀಲು) ಸವೆದಿರೋದು ಗೊತ್ತಾಗ್ತಿತ್ತು. ಹಳೇ ಓನರ್ ಬ್ರೇಕರ್ ಹಾಕಿ ಬಂಡೆ ಒಡೆಸಿದ್ರಂತೆ, ಕೇಳಿದ್ರೆ ತಾನೇ ಹೇಳೋದು! ಏಪ್ರಿಲ್‌ನಲ್ಲಿ, ಅದೂ ಸೀಸನ್ ಟೈಮಲ್ಲಿ, ಒಂಬತ್ತು ದಿನ ಗಾಡಿ ನಿಂತು 70 ಸಾವಿರ ಹೋಯ್ತು. ಹಂಗಂತ ಹೊಸದಕ್ಕೆ ಹೋಗಿದ್ರೆ ಆ ವರ್ಷದ ಮಳೆಗಾಲದ ಎರಡೇ ತಿಂಗಳ ಕಂತು ಅದಕ್ಕಿಂತ ಜಾಸ್ತಿ ಆಗ್ತಿತ್ತು.

ನಮ್ಮ ಮಾವನ ಮಗ ಅದೇ ಟೈಮಲ್ಲಿ ಹೊಸದೇ ತಗೊಂಡ. ಅವನಿಗೆ ಕ್ರಷರ್‌ನವ್ರು ತಿಂಗಳಿಗೆ 200 ಅವರ್ ಅಂತ ಅಗ್ರಿಮೆಂಟ್ ಮಾಡ್ಕೊಟ್ಟಿದ್ರು, ಮಳೆ ಬಂದ್ರೂ ದುಡ್ಡು ಬರುತ್ತೆ, ಗಾಡಿ ಕೆಟ್ಟು ನಿಂತ್ರೆ ಕಟ್. ನಂಗೆ ಅಂಥ ಅಗ್ರಿಮೆಂಟ್ ಸಿಕ್ಕಿದ್ರೆ ನಾನೂ ಹಳೇದನ್ನ ಮೂಸಿ ನೋಡ್ತಿರ್ಲಿಲ್ಲ.