ನನ್ನ ಪ್ಲೇಬುಕ್‌ನಿಂದ ಕಿತ್ತು ಹಾಕಿದ ಪುಟಗಳು

ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿಯ ಹೊರವಲಯದ ಹೈಸ್ಕೂಲೊಂದರ ಕಿರಿಯರ ಫುಟ್‌ಬಾಲ್ ತಂಡದಲ್ಲಿ ಆಫೆನ್ಸ್, ಅಂದರೆ ಚೆಂಡು ನಮ್ಮ ಕೈಲಿದ್ದಾಗಿನ ಆಟ, ನೋಡಿಕೊಳ್ಳುವ ಸಹಾಯಕ ಕೋಚ್ ನಾನು. ಫುಟ್‌ಬಾಲ್ ಎಂದರೆ ಇಲ್ಲಿ ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಆಟ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸವಿದೆ. ಹಾಸನದಲ್ಲಿ ಕಬಡ್ಡಿ, ಕ್ರಿಕೆಟ್ ಆಡಿಕೊಂಡು ಬೆಳೆದ ನಾನು ಈ ಆಟದ ಹತ್ತಿರಕ್ಕೆ ಬಂದದ್ದು ಮಗನ ಪಂದ್ಯಗಳನ್ನು ವಿಡಿಯೊ ಮಾಡುವ ನೆಪದಲ್ಲಿ. ಕೆಲವು ವರ್ಷ ತಂಡಕ್ಕೆ ವಿಡಿಯೊ ಕತ್ತರಿಸಿ ಕೊಡುತ್ತಿದ್ದೆ. ನನಗಿಂತ ಮುಂಚೆ ಆಫೆನ್ಸ್ ನೋಡಿಕೊಳ್ಳುತ್ತಿದ್ದವರು ಊರು ಬಿಟ್ಟಾಗ ಆ ಜವಾಬ್ದಾರಿ ನನ್ನ ಹೆಗಲಿಗೇರಿತು. ಅಷ್ಟು ಹೊತ್ತಿಗೆ ನನ್ನ ಬಳಿ ಒಂದು ದಪ್ಪ ನೋಟ್‌ಬುಕ್ ಇತ್ತು. ಅದೇ ನನ್ನ ಪ್ಲೇಬುಕ್. ಅದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಅರವತ್ತಕ್ಕೂ ಹೆಚ್ಚು ಪ್ಲೇಗಳು, ಅಂದರೆ ಯಾರು ಎಲ್ಲಿಗೆ ಓಡಬೇಕು, ಚೆಂಡು ಯಾರಿಗೆ ಹೋಗಬೇಕು ಎಂಬ ನಕ್ಷೆಗಳು ಇದ್ದವು, ಮತ್ತು ಅವುಗಳ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯೂ ಇತ್ತು.

ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆದು ಆಫೆನ್ಸ್ ನಡೆಸುವವನು. ಆ ವರ್ಷ ನಮಗೆ ಸಿಕ್ಕ ಕ್ವಾರ್ಟರ್‌ಬ್ಯಾಕ್ ಹುಡುಗ ಕುಳ್ಳ, ತೆಳ್ಳಗಿದ್ದವನು. ನನ್ನ ಪ್ಲೇಗಳಲ್ಲಿ ಬಹುಪಾಲಿನವು ಅವನು ಸ್ನ್ಯಾಪ್ (ಪ್ರತಿ ಪ್ಲೇ ಶುರುವಾಗುವಾಗ ಹಿಂದಕ್ಕೆ ಬರುವ ಚೆಂಡು) ಪಡೆದು, ಐದು ಹೆಜ್ಜೆ ನೇರ ಹಿಂದಕ್ಕೆ ಸರಿದು, ತನ್ನನ್ನು ಕಾಯುವ ಲೈನ್‌ಮನ್‌ಗಳ ಹಿಂದಿನ ಜಾಗವಾದ ಪಾಕೆಟ್‌ನಲ್ಲಿ ಅಲುಗಾಡದೆ ನಿಂತು, ಮಧ್ಯಭಾಗದಲ್ಲಿ ಅಡ್ಡ ಹಾಯ್ದು ಚೆಂಡು ಹಿಡಿಯುವ ರಿಸೀವರ್‌ಗೆ ಎಸೆಯಬೇಕೆಂದು ಬಯಸುತ್ತಿದ್ದವು. ಆಗಸ್ಟ್ ತಿಂಗಳ ಮೊದಲ ಅಭ್ಯಾಸ ಪಂದ್ಯದಲ್ಲಿ ಅವನು ಅಂಥ ಮೂರು ಎಸೆತಗಳನ್ನು ಎದುರಾಳಿಗಳ ಕೈಗೇ ಇಟ್ಟ. ನಾನು ಬದಿಗೆ ಕರೆದು, "ರಿಸೀವರ್ ಖಾಲಿಯಾಗಿ ನಿಂತಿದ್ದನಲ್ಲ, ಯಾಕೆ ತಡ ಮಾಡಿದೆ?" ಎಂದು ಕೇಳಿದೆ. "ಕೋಚ್, ಅವನು ನನಗೆ ಕಾಣಿಸಲೇ ಇಲ್ಲ. ನನ್ನ ಮುಂದೆ ಬರೀ ಬೆನ್ನುಗಳು" ಎಂದ. ರಾತ್ರಿ ವಿಡಿಯೊವನ್ನು ಅವನ ಎತ್ತರದಿಂದ ಊಹಿಸಿಕೊಂಡು ನೋಡಿದಾಗ ಅವನ ಮಾತು ಅಕ್ಷರಶಃ ನಿಜವೆನಿಸಿತು; ನಮ್ಮ ಲೈನ್‌ಮನ್‌ಗಳೆಲ್ಲ ಅವನಿಗಿಂತ ಅರ್ಧ ಅಡಿಯಾದರೂ ಎತ್ತರದವರು.

ಮುಖ್ಯ ಕೋಚ್ ಬಹಳ ಹಿಂದಿನಿಂದ ಸಿನ್ಸಿನಾಟಿಯಲ್ಲೇ ಇದ್ದವರು. ನನ್ನ ದೂರು ಕೇಳಿದ ಮೇಲೆ ಅವರು ಈ ಊರಿನದೇ ಕಥೆಯೊಂದನ್ನು ನೆನಪಿಸಿದರು. 1969ರಲ್ಲಿ ಇಲ್ಲಿನ ವೃತ್ತಿಪರ ತಂಡ ಬೆಂಗಲ್ಸ್‌ಗೆ ಗ್ರೆಗ್ ಕುಕ್ ಎಂಬ, ಫಿರಂಗಿಯಂಥ ತೋಳಿನ ಹೊಸ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ್ದ. ಮೊದಲ ವರ್ಷವೇ ಭುಜಕ್ಕೆ ಪೆಟ್ಟಾಗಿ ಅವನ ಆಟ ಹೆಚ್ಚುಕಡಿಮೆ ಮುಗಿಯಿತು. 1970ರಲ್ಲಿ ಅವನ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್‌ಗೆ ದೂರ ಎಸೆಯುವ ಬಲವಿರಲಿಲ್ಲ, ಆದರೆ ಗುರಿಯಿತ್ತು, ಕಾಲಲ್ಲಿ ಚುರುಕಿತ್ತು, ತಲೆ ಓಡುತ್ತಿತ್ತು. ಆ ತಂಡದ ಮುಖ್ಯ ಕೋಚ್ ಪಾಲ್ ಬ್ರೌನ್ ಅವರ ಕೈಕೆಳಗೆ ಸಹಾಯಕರಾಗಿದ್ದ ಬಿಲ್ ವಾಲ್ಶ್, ಕಾರ್ಟರ್‌ನ ತೋಳನ್ನು ಬದಲಿಸಲಾಗದು ಎಂಬುದನ್ನು ಒಪ್ಪಿಕೊಂಡು, ಅಡ್ಡಡ್ಡಲಾಗಿ ಸಾಗುವ ಗಿಡ್ಡ, ಸಮಯಬದ್ಧ ಎಸೆತಗಳ ಸುತ್ತ ಆಫೆನ್ಸ್ ಕಟ್ಟಿದರು. ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಸೋತಿದ್ದ ತಂಡ ಉಳಿದ ಏಳನ್ನೂ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಮುಂದೆ ವೆಸ್ಟ್ ಕೋಸ್ಟ್ ಆಫೆನ್ಸ್ ಎಂದು ಹೆಸರಾದ ಪದ್ಧತಿಯ ಬೇರು ಓಹಾಯೊದಲ್ಲಿದೆ, ಒಬ್ಬ ಆಟಗಾರನ ಕೊರತೆಯಲ್ಲಿದೆ. ಕಾರ್ಟರ್ ಸಂಖ್ಯಾಶಾಸ್ತ್ರ ಓದಿದ್ದರೆಂಬುದು ತಿಳಿದಾಗ, ವೃತ್ತಿಯ ಮೋಹದಿಂದ, ನನಗೆ ಇನ್ನಷ್ಟು ಖುಷಿಯಾಯಿತು.

ಈ ಕಥೆ ಕೇಳಿದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಎಣಿಕೆ. ಮೂರು ಸಂಜೆ ನಮ್ಮ ಹುಡುಗನಿಂದ ಎಸೆಯಿಸಿ, ಪ್ರತಿ ಬಗೆಯಲ್ಲೂ ಇಪ್ಪತ್ತು ಎಸೆತಗಳಂತೆ ಬರೆದಿಟ್ಟೆ. ರಿಸೀವರ್ ಹಿಡಿದನೋ ಇಲ್ಲವೋ ಎಂಬುದನ್ನಲ್ಲ, ಚೆಂಡು ಅವನ ಎದೆಯ ಮಟ್ಟಕ್ಕೆ ಬಂತೋ ಇಲ್ಲವೋ ಎಂಬುದನ್ನು. ಎದುರು ಯಾರೂ ಇಲ್ಲದೆ ನಿಂತು ಎಸೆದಾಗ 13 ಸರಿಯಿದ್ದವು. ನಾವು ಪ್ಯಾಡ್ ಹಿಡಿದು ಮೇಲೆ ಬಿದ್ದಾಗ ಅದು 7ಕ್ಕೆ ಇಳಿಯಿತು. ಎಡಕ್ಕೆ ಓಡುತ್ತ ಎಸೆದಾಗ 5. ಬಲಕ್ಕೆ ಓಡುತ್ತ ಎಸೆದಾಗ 16! ಬಲಗೈ ಆಟಗಾರನಿಗೆ ಬಲಗಡೆ ಸುಲಭವೆಂಬುದು ಹೊಸ ಸಂಗತಿಯಲ್ಲ. ಆದರೆ ನಿಂತಲ್ಲಿಗಿಂತ ಓಟದಲ್ಲೇ ಅವನ ಗುರಿ ಚೆನ್ನಾಗಿದೆ ಎಂಬುದು ನನಗೆ ಹೊಸದಾಗಿತ್ತು.

ಇನ್ನೊಂದು ಲೆಕ್ಕ ಅವನ ತೋಳಿನದು. ಮೈದಾನದ ಅಗಲ 53 ಗಜ ಚಿಲ್ಲರೆ. ಹೈಸ್ಕೂಲ್ ಮೈದಾನದಲ್ಲಿ, ಪ್ಲೇ ಶುರುವಿಗೆ ಚೆಂಡು ಇಡುವ ಜಾಗದ ಎಡ-ಬಲ ಮಿತಿ ತೋರುವ ಎರಡು ಸಾಲು ಹ್ಯಾಶ್ ಗುರುತುಗಳು ಈ ಅಗಲವನ್ನು ಮೂರು ಸಮಪಾಲು ಮಾಡುತ್ತವೆ. ವೃತ್ತಿಪರರ ಮೈದಾನದಲ್ಲಿ ಅವೆರಡೂ ನಡುವೆಯೇ ಹತ್ತಿರ ಹತ್ತಿರ ಇರುತ್ತವೆ. ಹೀಗಾಗಿ ನಮ್ಮಲ್ಲಿ ಚೆಂಡು ಎಡ ಹ್ಯಾಶ್ ಮೇಲಿದ್ದಾಗ ಬಲಬದಿಯ ಗೆರೆ ಸುಮಾರು 35 ಗಜ ಆಚೆಗಿರುತ್ತದೆ. ರಿಸೀವರ್ 10 ಗಜ ಮುಂದೆ ಓಡಿ ಬಲಗೆರೆಯ ಕಡೆ ತಿರುಗಿದನೆನ್ನಿ. ಕ್ವಾರ್ಟರ್‌ಬ್ಯಾಕ್ ತಾನು 7 ಗಜ ಹಿಂದಿದ್ದಾನೆ. ಕರ್ಣದ ಲೆಕ್ಕ ಹಾಕಿದರೆ ಚೆಂಡು ಗಾಳಿಯಲ್ಲಿ 35 ಗಜಕ್ಕೂ ಹೆಚ್ಚು ಸಾಗಬೇಕು, ತಂಡಕ್ಕೆ ದಕ್ಕುವುದು 10 ಗಜ. ನಮ್ಮ ಹುಡುಗನ ಕೈಯಿಂದ ಹೊರಟ ಚೆಂಡು ಆ ದೂರಕ್ಕೆ ಹೋಗುವಷ್ಟರಲ್ಲಿ ಡಿಫೆನ್ಸ್‌ನವನು ಬಂದು, ನಿಂತು, ಹಿಡಿದು ಹೋಗುವಷ್ಟು ಸಮಯವಿರುತ್ತಿತ್ತು. ಆ ರೂಟ್ (ರಿಸೀವರ್ ಓಡುವ ದಾರಿ) ಇದ್ದ ಹನ್ನೊಂದು ಪುಟಗಳನ್ನು ಕಿತ್ತೆ. ನೋವಾಯಿತು ಎಂದರೆ ನಗಬೇಡಿ.

ಉಳಿದ ಪುಟಗಳನ್ನು ಎರಡು ಸಂಗತಿಗಳ ಸುತ್ತ ಮತ್ತೆ ಬರೆದೆ. ಮೊದಲನೆಯದು ಬಲಕ್ಕೆ ರೋಲ್‌ಔಟ್, ಅಂದರೆ ಕ್ವಾರ್ಟರ್‌ಬ್ಯಾಕ್ ಪಾಕೆಟ್‌ನಲ್ಲಿ ನಿಲ್ಲದೆ ಬಲಕ್ಕೆ ಓಡುತ್ತ ಎಸೆಯುವುದು. ಲೈನ್‌ನ ಐವರೂ ಬಲಕ್ಕೆ ಹೆಜ್ಜೆ ಹಾಕುತ್ತಾರೆ, ಸಾಮಾನ್ಯವಾಗಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎದುರಾಳಿ ಸಾಲಿನ ಅಂಚಿನಲ್ಲಿರುವ ಡಿಫೆನ್ಸಿವ್ ಎಂಡ್‌ನನ್ನು ತಡೆಯುತ್ತಾನೆ, ಕ್ವಾರ್ಟರ್‌ಬ್ಯಾಕ್ ಬೆನ್ನುಗಳ ಗೋಡೆಯಿಂದ ಹೊರಬಂದು ಅರ್ಧ ಮೈದಾನವನ್ನಷ್ಟೇ ನೋಡುತ್ತಾನೆ. ಆ ಅರ್ಧದಲ್ಲಿ ಮೂವರು ರಿಸೀವರ್‌ಗಳು ಮೂರು ಆಳದಲ್ಲಿರುತ್ತಾರೆ: ಒಬ್ಬ ಮೂರ್ನಾಲ್ಕು ಗಜದಲ್ಲಿ, ಒಬ್ಬ ಹನ್ನೆರಡರಲ್ಲಿ, ಒಬ್ಬ ಇಪ್ಪತ್ತರಾಚೆ. ಅಂಚಿನ ರಕ್ಷಕ ಹತ್ತಿರದ ರಿಸೀವರ್ ಕಡೆ ಬಂದರೆ ನಡುವಿನವನಿಗೆ ಎಸೆತ. ಹಿಂದೆ ಸರಿದರೆ ಹತ್ತಿರದವನಿಗೆ. ಎಡ ಹ್ಯಾಶ್‌ನಿಂದ ಹೊರಟರೂ ಓಡಿಕೊಂಡೇ ಬಲಕ್ಕೆ ಹೋಗುವುದರಿಂದ ಎಸೆಯುವ ದೂರ ತಾನಾಗಿಯೇ ಅರ್ಧದಷ್ಟಾಗುತ್ತಿತ್ತು. ತೋಳು ಮಾಡಲಾಗದ ಕೆಲಸವನ್ನು ಕಾಲಿನಿಂದ ಮಾಡಿಸಿದೆವು.

ಎರಡನೆಯದು ಅವನ ಶೀಘ್ರ ನಿರ್ಧಾರಕ್ಕೆ ಒಪ್ಪುವ ಆರ್‌ಪಿಒ, ಅಂದರೆ ಓಟವೋ ಎಸೆತವೋ ಎಂಬುದನ್ನು ಸ್ನ್ಯಾಪ್ ಆದಮೇಲೆ ಆಯ್ದುಕೊಳ್ಳುವ ಪ್ಲೇ. ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಹಿಡಿದು ಎದುರಾಳಿಗಳ ಮುಂಸಾಲಿನ ಹಿಂದೆ ನಿಲ್ಲುವ ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡುವುದು. ಅವನು ಮುಂದೆ ನುಗ್ಗಿದರೆ ಚೆಂಡನ್ನು ಕಿತ್ತುಕೊಂಡು ಅವನು ಬಿಟ್ಟ ಜಾಗಕ್ಕೆ ಎಸೆಯುವುದು, ನಿಂತರೆ ಕೊಟ್ಟುಬಿಡುವುದು. ಹೈಸ್ಕೂಲ್ ನಿಯಮದಲ್ಲಿ ಮುಂದಕ್ಕೆ ಎಸೆಯುವ ಮುನ್ನ, ಓಟಕ್ಕೆಂದು ನುಗ್ಗುವ ಲೈನ್‌ಮನ್‌ಗಳು 2 ಗಜಕ್ಕಿಂತ ಮುಂದೆ ಹೋಗುವಂತಿಲ್ಲವಾದ್ದರಿಂದ ಇಲ್ಲಿ ಹಿಂಜರಿಕೆಗೆ ಅವಕಾಶವೇ ಇಲ್ಲ. ಪಾಕೆಟ್‌ನಲ್ಲಿ ತಡವರಿಸುತ್ತಿದ್ದ ಹುಡುಗ ಇಲ್ಲಿ ಒಮ್ಮೆಯೂ ತಡವರಿಸಲಿಲ್ಲ. ನೋಡಬೇಕಾದವನು ಒಬ್ಬನೇ, ಅವನು ಕಣ್ಣೆದುರಿಗೇ ಇದ್ದ.

ಈ ನಡುವೆ ತಂದೆಯರಲ್ಲಿ ಒಬ್ಬಿಬ್ಬರು, "ಲಮಾರ್ ಜಾಕ್ಸನ್‌ನಂತೆ ಅವನನ್ನು ಓಡಿಸಿ" ಎಂದು ಒತ್ತಾಯಿಸತೊಡಗಿದರು. 2019ರಲ್ಲಿ ಬಾಲ್ಟಿಮೋರ್ ರೇವನ್ಸ್ ಎಂಬ ವೃತ್ತಿಪರ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಜಾಕ್ಸನ್‌ನ ಕಾಲಿಗೆ ತಕ್ಕಂತೆ ಇಡೀ ಆಫೆನ್ಸನ್ನು ಹೊಲಿದು, ಒಂದೇ ಋತುವಿನಲ್ಲಿ ಓಟದಿಂದ 3,296 ಗಜ ಗಳಿಸಿ ದಾಖಲೆ ಮಾಡಿತು. ಅದರಲ್ಲಿ 1,206 ಗಜ ಆತನೊಬ್ಬನದೇ. ಆದರೆ ನಮ್ಮ ಹುಡುಗ ಚುರುಕಿನವನೇ ಹೊರತು ವೇಗದವನಲ್ಲ, ಮೇಲಾಗಿ ಮೈಯಲ್ಲಿ ತೂಕವಿಲ್ಲ. ಎಸೆಯುವುದಕ್ಕಾಗಿ ಓಡುವುದು ಒಂದು, ಗಜ ಗಳಿಸಲು ಓಡುವುದು ಇನ್ನೊಂದು. ಚಂದ್ರಶೇಖರ್ ಬೌಲಿಂಗ್‌ಗೆ ಶಾರ್ಟ್ ಲೆಗ್‌ನಲ್ಲಿ ಸೋಲ್ಕರ್ ನಿಂತಿರುತ್ತಿದ್ದರೆಂದು ಎಲ್ಲ ಬೌಲರ್‌ಗೂ ಅಲ್ಲೊಬ್ಬನನ್ನು ನಿಲ್ಲಿಸಿದರೆ ಆ ಫೀಲ್ಡರ್‌ನ ಗತಿಯೇನು? ನಾನು ಒಪ್ಪಲಿಲ್ಲ.

ಪ್ಲೇಗೆ ಮುಂಚೆ ಎಲ್ಲರೂ ಗುಂಪುಗೂಡುವ ಹಡಲ್‌ನಲ್ಲಿ ಕೂಗುವ ಉದ್ದುದ್ದ ಹೆಸರುಗಳನ್ನೂ ಕತ್ತರಿಸಿದೆ. ಪ್ರತಿ ಪ್ಲೇಗೂ ಒಂದೇ ಪದ, ಅದೂ ಕ್ವಾರ್ಟರ್‌ಬ್ಯಾಕ್ ತಾನೇ ಆರಿಸಿದ್ದು. ಒಂದಕ್ಕೆ ಮಾತ್ರ ಹೆಸರು ಇಟ್ಟವನು ನಾನು. ಋತುವಿನ ನಾಲ್ಕನೇ ಪಂದ್ಯದ ಹೊತ್ತಿಗೆ ಎದುರಾಳಿಗಳು ನಮ್ಮ ಬಲಗಡೆಯ ಚಾಳಿಯನ್ನು ಹಿಡಿದಿದ್ದರು. ಸ್ನ್ಯಾಪ್ ಆಗುತ್ತಲೇ ಎಲ್ಲರಿಗಿಂತ ಹಿಂದೆ ನಿಲ್ಲುವ ಅವರ ರಕ್ಷಕ, ಸೇಫ್ಟಿ, ಆ ಕಡೆಗೆ ಜಾರುತ್ತಿದ್ದ, ಡಿಫೆನ್ಸಿವ್ ಎಂಡ್ ಅಗಲಕ್ಕೆ ನಿಲ್ಲುತ್ತಿದ್ದ. ಆ ಪಂದ್ಯದಲ್ಲಿ ಮೊದಲಾರ್ಧವಿಡೀ ನಮಗೆ ಒಂದು ಅಂಕವೂ ಬರಲಿಲ್ಲ, ಮತ್ತು ಅದು ನನ್ನ ತಪ್ಪೇ: ಹುಡುಗನ ಶಕ್ತಿಗೆ ಹೊಂದಿಸುವ ಭರದಲ್ಲಿ ಅದನ್ನು ಬಚ್ಚಿಡುವ ದಾರಿಯನ್ನು ಕಟ್ಟಿರಲಿಲ್ಲ. ಮುಂದಿನ ವಾರ ಥ್ರೋಬ್ಯಾಕ್ ಸ್ಕ್ರೀನ್ ಸೇರಿಸಿದೆ. ಎಲ್ಲರೂ ಬಲಕ್ಕೆ ಓಡುವಾಗ ರನ್ನಿಂಗ್ ಬ್ಯಾಕ್ ಒಂದು ಕ್ಷಣ ತಡೆದಂತೆ ನಟಿಸಿ, ಇಬ್ಬರು ಲೈನ್‌ಮನ್‌ಗಳೊಂದಿಗೆ ಎಡಕ್ಕೆ ನುಸುಳುತ್ತಾನೆ. ಕ್ವಾರ್ಟರ್‌ಬ್ಯಾಕ್ ನಿಂತು, ಮೈ ಮಗುಚಿ, ಗಿಡ್ಡ ಎಸೆತವೊಂದನ್ನು ಎಡಕ್ಕೆ ಅವನಿಗೆ ಕೊಡುತ್ತಾನೆ. ಮಗುಚುವುದು ಎಂದೊಡನೆ ನನಗೆ ಹೊಳೆದದ್ದು ದೋಸೆ. ಓಹಾಯೊದ ಹದಿನೈದರ ಹುಡುಗರು "ಡೋಸಾ, ಡೋಸಾ" ಎಂದು ಕೂಗಿ ಹಡಲ್ ಬಿಡುವುದನ್ನು ಕೇಳಿ ಗ್ಯಾಲರಿಯಲ್ಲಿದ್ದ ನನ್ನ ಹೆಂಡತಿ ತಲೆ ಚಚ್ಚಿಕೊಂಡಳು.

ಆ ವರ್ಷ ನಾವು ಸೋತದ್ದಕ್ಕಿಂತ ಗೆದ್ದದ್ದು ಹೆಚ್ಚು. ಆದರೆ ಎಡಬದಿಯಲ್ಲಿ ಆಡುತ್ತಿದ್ದ, ತಂಡದಲ್ಲೇ ಅತಿ ವೇಗದ ರಿಸೀವರ್‌ಗೆ ಕೆಲವು ಪಂದ್ಯಗಳಲ್ಲಿ ಒಂದು ಚೆಂಡೂ ಸಿಗಲಿಲ್ಲ. ಅವನನ್ನು ಬಲಕ್ಕೆ ತರಬಹುದಿತ್ತು. ಋತುವಿನ ನಡುವೆ ಹೊಸ ರೂಟ್‌ಗಳನ್ನು ಕಲಿಸುವುದು ಕಷ್ಟವೆಂದು ಬಿಟ್ಟೆ. ಅವನು ಮರುವರ್ಷ ಫುಟ್‌ಬಾಲ್ ಬಿಟ್ಟು ಓಟದ ತಂಡ ಸೇರಿದ. ಈ ಆಗಸ್ಟ್‌ನಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಬರುತ್ತಾನೆ, ಆರಡಿಯವನು, ತೋಳು ಗಟ್ಟಿ, ಕಾಲು ನಿಧಾನ ಎನ್ನುತ್ತಾರೆ. ಕಿತ್ತ ಹನ್ನೊಂದು ಪುಟಗಳನ್ನು ನಾನು ಎಸೆದಿಲ್ಲ. ಆದರೆ ಮೂರು ಸಂಜೆಯ ಎಣಿಕೆ ಮುಗಿಯುವವರೆಗೆ ಅವು ಮೇಜಿನ ಖಾನೆಯಲ್ಲೇ ಇರುತ್ತವೆ, ಮತ್ತು ಈ ಸಲ ರಿಸೀವರ್‌ಗಳನ್ನೂ ಎಣಿಸುವವನಿದ್ದೇನೆ.